ಒಲೆ ಇರುವ ಹಳೇ ಗಾಡಿ ಮತ್ತು ನಮ್ಮ ತಂಡೇಲರು

ನಮ್ಮ ಮನೆಗೆ ಯಾವ ವಸ್ತು ಬರುವುದಿದ್ದರೂ ಅದರ ಜಗಳ ಒಂದು ತಿಂಗಳು ಮುಂಚೆಯೇ ಬಂದು ಕೂತಿರುತ್ತದೆ. ಫ್ರಿಜ್ಜಿಗೆ ಹಾಗೇ ಆಯಿತು, ವಾಷಿಂಗ್ ಮೆಷಿನ್ನಿಗೆ ಹಾಗೇ ಆಯಿತು, ಈ ವರ್ಷ ಒಂದು ಗಾಡಿಗೆ ಆಯಿತು. ಗಾಡಿ ಅಂದರೆ ಬರೀ ಗಾಡಿ ಅಲ್ಲ. ಮಲಗಲಿಕ್ಕೆ ಹಾಸಿಗೆ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ಸಿಂಕು, ಎಲ್ಲ ಒಳಗೇ ಇರುವ ಮನೆಯಂಥ ವ್ಯಾನು. ಹೊಸತು ತಗೊಳ್ಳುವ ತಾಕತ್ತು ನಮಗಿಲ್ಲ. ಹಳತು, ಯಾರೋ ಓಡಿಸಿ ಬಿಟ್ಟದ್ದು, ಕಡಿಮೆಗೆ ಸಿಗುವಂಥದ್ದು. ಅದನ್ನು ತಗೊಳ್ಳುವುದಾ ಬೇಡವಾ ಅಂತ ತೀರ್ಮಾನ ಆಗುವುದರೊಳಗೆ ನನಗೆ ಆದ ಮಂಡೆಬಿಸಿ ಎಂಥದ್ದು ಅಂತ ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ಬೋಟಿನ ಕಾನೂನು

ನಮ್ಮವರು ಮೂವತ್ತನಾಲ್ಕು ವರ್ಷ ಮೀನಿನ ಬೋಟಿನಲ್ಲಿ ತಂಡೇಲರಾಗಿದ್ದವರು. ತಂಡೇಲ ಅಂದರೆ ಚುಕ್ಕಾಣಿ ಹಿಡಿಯುವವ. ಅವ ಹೇಳಿದಲ್ಲಿ ಬಲೆ ಬೀಳಬೇಕು, ಅವ ಹೇಳಿದಾಗ ಬಾಕಿಯವರು ಉಣ್ಣಬೇಕು. ಹತ್ತು ದಿನ ಕಡಲು, ಎರಡು ದಿನ ಮನೆ. ಮಳೆಗಾಲದಲ್ಲಿ ಬೋಟಿಗೆ ರಜೆ ಇದ್ದರೂ ಬಲೆ ಹೊಲಿಯುವುದುಂಟು ಅಂತ ಬೆಳಿಗ್ಗೆಯೇ ಬೋಟು ಕಟ್ಟುವ ಧಕ್ಕೆಗೆ ಹೋಗುವುದು. ಮದುವೆಯಾದ ಮೇಲೆ ನಾವಿಬ್ಬರು ಒಟ್ಟಿಗೆ ಹೋದದ್ದು ಅಂದರೆ ಬೇರೆಯವರ ಮದುವೆಗಳಿಗೆ ಮಾತ್ರ.

ನಾನು ಉರ್ವದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮೂವತ್ತು ವರ್ಷ ಐದನೇ ಕ್ಲಾಸಿನ ಮಕ್ಕಳಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಂತ ಚಾಕ್‌ಪೀಸಿನಲ್ಲಿ ಗುಹೆ, ಕಂಬ, ಗೋಪುರ ಎಲ್ಲ ಬಿಡಿಸಿ ತೋರಿಸಿದೆ. ಒಂದು ಹುಡುಗಿ ಒಮ್ಮೆ ಎದ್ದು ನಿಂತು, "ಟೀಚರ್, ನೀವು ಅದನ್ನೆಲ್ಲ ನೋಡಿದ್ದೀರಾ?" ಅಂತ ಕೇಳಿತು. "ಪುಸ್ತಕ ನೋಡು" ಅಂತ ಗದರಿಸಿ ಕೂರಿಸಿದೆ. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ನಿಂತೇ ಇತ್ತು.

ಹೋದ ವರ್ಷ ನನಗೆ ರಿಟೈರ್ ಆಯಿತು. ಇವರು ಮೊಣಕಾಲು ನೋವು ಅಂತ ಅದಕ್ಕಿಂತ ಮೊದಲೇ ಬೋಟು ಬಿಟ್ಟಿದ್ದರು. ನಾನು ಹೇಳಿದೆ, "ಬಾದಾಮಿಗೆ ಹೋಗುವ. ಲಾಡ್ಜಿನಲ್ಲಿ ಇರುವ, ಹೋಟೆಲಿನಲ್ಲಿ ತಿನ್ನುವ. ಒಂದು ವಾರ ನಾನು ಒಲೆ ಮುಟ್ಟುವುದಿಲ್ಲ." ಇಷ್ಟೇ ಸ್ವಾಮಿ ನಾನು ಕೇಳಿದ್ದು. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಒಂದು ವಾರ ಒಲೆ ಇಲ್ಲದೆ ಇವರ ಜೊತೆ ತಿರುಗಬೇಕು ಅಂತ ಕೇಳಿದೆ.

ಇವರು ತುಂಬಾ ಹೊತ್ತು ಆಲೋಚನೆ ಮಾಡಿದರು. "ಅಲ್ಲಿ ಕಡಲಿಲ್ಲ ಅಲ್ಲವಾ, ನೋಡುವುದು ಎಂತ?" ಅಂದರು. ಆಮೇಲೆ, "ಲಾಡ್ಜಿನ ಮಂಚ ಅಗಲ ಜಾಸ್ತಿ, ನನಗೆ ನಿದ್ರೆ ಬರುವುದಿಲ್ಲ" ಅಂದರು. ಇದು ಸುಳ್ಳಲ್ಲ. ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ ಅಷ್ಟು ದೊಡ್ಡ ಮಂಚ ಬಿಟ್ಟು, ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮಲಗಿದ್ದರು. ಬೋಟಿನ ಹಲಗೆಯ ಅಗಲ ಅಷ್ಟೇ ಅಂತೆ. "ಮತ್ತೆ ಅಲ್ಲಿ ಕುಚ್ಚಲಕ್ಕಿ ಅನ್ನ ಸಿಗುವುದಿಲ್ಲ, ಬಿಳಿ ಬೆಳ್ತಿಗೆ ಅನ್ನ ತಿಂದರೆ ಒಂದು ಗಂಟೆಯಲ್ಲಿ ಹಸಿವು. ಒಂದು ಕೆಲಸ ಮಾಡುವ. ಮಲಗುವ, ಅಡುಗೆ ಮಾಡುವ ಗಾಡಿ ಉಂಟಂತೆ ಈಗ. ಹಳತು ಒಂದು ತಗೊಂಡರೆ ಅಕ್ಕಿ, ಒಣಮೀನು ಎಲ್ಲ ಇಲ್ಲಿಂದಲೇ ತಗೊಂಡು ಹೋಗ್ಲಿಕ್ಕಾಗ್ತದೆ."

"ಅಡುಗೆ ಯಾರು ಮಾಡುವುದು?" ಅಂದೆ.

"ಬೋಟಿನ ಕಾನೂನು ನಿನಗೆ ಗೊತ್ತುಂಟಲ್ಲ. ಚುಕ್ಕಾಣಿ ಹಿಡಿದ ಕೈ ಸೌಟು ಹಿಡಿಯಬಾರದು. ಕಡೆಗೆ ಬಂದು ಸೇರಿದವ ಅಡುಗೆ ಮಾಡಬೇಕು. ನನ್ನ ಬೋಟಿಗೆ ಎಷ್ಟು ದೊಡ್ಡವರ ಮಗ ಬಂದರೂ ಮೊದಲು ಒಲೆಯ ಹತ್ತಿರವೇ."

ನನಗೆ ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷ ನಿಂತಲ್ಲೇ ನಿಂತ ಒಲೆ ಸಾಲದು ಅಂತ ಈಗ ಓಡುವ ಒಲೆ ಒಂದು ಬೇಕು, ಅದೂ ನನ್ನ ರಿಟೈರ್‌ಮೆಂಟ್ ಹಣದಲ್ಲಿ. "ಹಾಗಾದರೆ ಆ ಗಾಡಿಯಲ್ಲಿ ನಾನು ಯಾರು?" ಅಂತ ಕೇಳಿದೆ.

"ನೀನು ಹೊಸತಾಗಿ ಸೇರಿದವಳು," ಅಂದರು ಸಮಾಧಾನದಲ್ಲಿ. "ಆದರೆ ನಿನಗೆ ಅನುಭವ ಉಂಟು, ಹೆದರಬೇಡ."

ಹನ್ನೊಂದು ಜನ

ನಮ್ಮ ಪಕ್ಕದ ಮನೆಯ ಹೆಂಗಸು, ನಾವು 'ಬಾಯಿ' ಅಂತ ಕರೆಯುವುದು, ಗಲ್ಫಿನಲ್ಲಿ ನರ್ಸ್ ಆಗಿದ್ದು ಊರಿಗೆ ಬಂದವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ, ಒಳ್ಳೆಯ ಜನ. ನಮ್ಮ ಓಣಿಯವರ ಬೀಪಿ, ಶುಗರ್ ಎಲ್ಲ ಅವರಿಗೆ ಬಾಯಿಪಾಠ. ನನಗೆ ಶುಗರ್ ಉಂಟು ಅಂತ ಹನ್ನೆರಡು ವರ್ಷದ ಹಿಂದೆ ಮೊದಲು ಕಂಡುಹಿಡಿದದ್ದೂ ಅವರ ಮೆಷಿನ್ನೇ.

ಗಾಡಿಯ ವಿಷಯ ಕಾಂಪೌಂಡ್ ಗೋಡೆಯ ಮೇಲಿಂದ ಹೇಳಿದ್ದೇ ತಪ್ಪಾಯಿತು. ಅವರು ಕೇಳಿದ ಮೊದಲ ಪ್ರಶ್ನೆ, "ಟಾಯ್ಲೆಟ್ ಉಂಟಾ ಟೀಚರ್?" ಅವರೊಬ್ಬರೇ ಅಲ್ಲ. ಹಾಲಿನವ, ಇಸ್ತ್ರಿಯವ, ನನ್ನ ಹಳೇ ಹೆಡ್‌ಮಾಸ್ಟರು, ಯಾರಿಗೆ ಹೇಳಿದರೂ ಅದೇ. ಬ್ರೇಕ್ ಉಂಟಾ ಅಂತ ಒಬ್ಬರಾದರೂ ಕೇಳಬೇಡವಾ? ಇವರಂತೂ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಬೋಟಿನಲ್ಲಿ ಇತ್ತಾ?"

ಮರುದಿನ ಬೆಳಿಗ್ಗೆ ಬಾಯಿ ಒಂದು ಕಾಗದ ಹಿಡಿದುಕೊಂಡು ಬಂದರು. ಅವರು, ಅವರ ಗಂಡ, ಇಬ್ಬರು ತಂಗಿಯರು, ಅತ್ತಿಗೆ, ಅತ್ತಿಗೆಯ ತಾಯಿ, ಹೀಗೆ ಹನ್ನೊಂದು ಹೆಸರು. "ವೇಳಾಂಕಣ್ಣಿಯ ಚರ್ಚಿಗೆ ಒಂದು ಹರಕೆ ಬಾಕಿ ಉಂಟು. ನಿಮ್ಮ ಗಾಡಿ ಬಂದ ಕೂಡಲೇ ಹೋಗುವ ಅಂತ. ಓಡಿಸ್ಲಿಕ್ಕೆ ನನ್ನ ತಮ್ಮ ಇದ್ದಾನೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ. ಗಾಡಿ ನಾನಿನ್ನೂ ಕಣ್ಣಿನಲ್ಲಿ ನೋಡಿಲ್ಲ, ಅದಕ್ಕೆ ಡ್ರೈವರ್ ಸಹ ಆಯಿತು. "ಬಾಯಿ, ಅದರಲ್ಲಿ ಮಲಗಲಿಕ್ಕೆ ಇಬ್ಬರಿಗೆ ಮಾತ್ರ ಜಾಗ" ಅಂದೆ.

"ನಾವು ಮಲಗುವುದಿಲ್ಲ ಟೀಚರ್, ಜಪಸರ ಮಾಡಿಕೊಂಡು ಹೋಗುವುದು."

"ಅಲ್ಲ, ಹನ್ನೊಂದು ಜನ ಆದರೆ ನಾವಿಬ್ಬರು ಎಲ್ಲಿ ಕೂರುವುದು?"

ಅವರು ಕಾಗದ ಇನ್ನೊಮ್ಮೆ ನೋಡಿದರು. ನಿಜವಾಗಿ ಬೇಸರ ಆಯಿತು ಅವರಿಗೆ, ಮುಖದಲ್ಲೇ ಗೊತ್ತಾಗುತ್ತಿತ್ತು. ನನ್ನ ಕೈ ಹಿಡಿದುಕೊಂಡು ಹೇಳಿದರು, "ನೀವಿಬ್ಬರು ಹಿಂದಿನ ದಿನ ಟ್ರೈನಿನಲ್ಲಿ ಹೋಗಿ ಟೀಚರ್, ಅಲ್ಲಿ ಸಿಗುವ. ಹಳೇ ಗಾಡಿ ಅಲ್ಲವಾ, ಭಾರ ಹಾಕಬಾರದು."

ಉದ್ದದ ಹಾಸಿಗೆ

ಬಜಪೆಯಲ್ಲಿ ಒಂದು ಉಂಟು ಅಂತ ಯಾರೋ ಬ್ರೋಕರ್ ಹೇಳಿದ. ನಮ್ಮ ಸಣ್ಣ ಕಾರಿನಲ್ಲಿ ಹೋದೆವು. ಕಾರು ಬಿಡುವುದು ಯಾವಾಗಲೂ ನಾನು, ಇವರು ಎಡಗಡೆ ಕೂತು ದಾರಿ ಹೇಳುವುದು. ಎಡ, ಬಲ ಅಂತ ಇವರ ಬಾಯಿಯಲ್ಲಿ ಬರುವುದೇ ಇಲ್ಲ. ಕಡಲಿನಲ್ಲಿ ಎಡ ಬಲ ಹೇಳಿದರೆ ಪ್ರಯೋಜನ ಇಲ್ಲವಂತೆ, ತೆಂಕು, ಬಡಗು, ಮೂಡು, ಪಡು ಅಂತಲೇ ಹೇಳಬೇಕಂತೆ. ಸರ್ಕಲ್ಲಿಗೆ ಬಂದ ಕೂಡಲೇ "ಮೂಡಕ್ಕೆ ತಿರುಗಿಸು" ಅಂದರು. ಹಿಂದಿನಿಂದ ಸಿಟಿ ಬಸ್ಸಿನವ ಹಾರ್ನ್ ಹೊಡೆಯುತ್ತಾ ಇದ್ದಾನೆ, ನಾನು ತಲೆ ಹೊರಗೆ ಹಾಕಿ ಸೂರ್ಯ ಎಲ್ಲಿದ್ದಾನೆ ಅಂತ ಹುಡುಕುತ್ತಾ ಇದ್ದೇನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆಯುತ್ತಾ ಉಂಟು.

ಬಜಪೆಯ ಗಾಡಿ ಹೊರಗಿನಿಂದ ಚಂದ ಇತ್ತು. ಹೊಸತಾಗಿ ಬಿಳಿ ಪೈಂಟ್ ಹೊಡೆದಿದ್ದರು, ಒಂದು ಬದಿಯಲ್ಲಿ ತೆಂಗಿನಮರ, ಸೂರ್ಯ. ಮಾರುವವ ನಮ್ಮನ್ನು ಹಿಂದಿನ ಬಾಗಿಲಿನಿಂದ ಹತ್ತಿಸಿದ. ಬದಿಯಲ್ಲಿ ಬಾಗಿಲೇ ಇಲ್ಲ. ಒಳಗೆ ನಟ್ಟನಡುವೆ ಒಂದೇ ಒಂದು ಹಾಸಿಗೆ, ಅದಕ್ಕೆ ಎರಡೂ ಕಡೆ ಸ್ಟೀಲಿನ ಸರಳು. ಗೋಡೆಯ ಉದ್ದಕ್ಕೆ ಬೆಂಚು. ಮೂಲೆಯಲ್ಲಿ ಒಂದು ಒಲೆ ತಂದು ಇಟ್ಟಿದ್ದ, ಅದು ನಿನ್ನೆ ಇಟ್ಟದ್ದು ಅಂತ ಕುರುಡರಿಗೂ ಗೊತ್ತಾಗಬೇಕು.

"ಈ ಬೆಂಚು ಎಂತಕ್ಕೆ?" ಅಂದೆ.

"ಗೆಸ್ಟ್ ಬಂದರೆ ಕೂರ್ಲಿಕ್ಕೆ ಅಮ್ಮ."

ಹಾಸಿಗೆಯ ತಲೆಯ ಕಡೆ ಒಂದು ಸಣ್ಣ ಹಿತ್ತಾಳೆಯ ಸ್ಟ್ಯಾಂಡು ಸ್ಕ್ರೂ ಹಾಕಿ ಕೂರಿಸಿತ್ತು, ಅದರಲ್ಲಿ ಬೂದಿ. ಮೂಗು ಹತ್ತಿರ ತಂದೆ, ಊದುಬತ್ತಿ ವಾಸನೆ. "ಇದು?"

"ಅದು ಸೊಳ್ಳೆಗೆ."

ಇಳಿದು ಬಂದು ಆರ್‌ಸಿ ಕೇಳಿದೆ. ಅವ ಕೊಡಲಿಕ್ಕೆ ತಡ ಮಾಡಿದ, ನಾನು ಕಸಿದುಕೊಂಡ ಹಾಗೆಯೇ ತಗೊಂಡೆ. ನೋಡಿದರೆ ಶವ ಸಾಗಿಸುವ ಗಾಡಿ. ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ಸ್ವರ ನನ್ನದು, ಹತ್ತಿರದ ಏರ್‌ಪೋರ್ಟಿನವರೆಗೆ ಕೇಳಿರಬೇಕು. "ಜೀವ ಇರುವವರಿಗೆ ನೀವು ಹೆಣದ ಗಾಡಿ ಮಾರುವುದಾ? ನಾಚಿಕೆ ಆಗುವುದಿಲ್ಲವಾ?"

ಅವನಿಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. "ನೀವು ಕೋಪ ಬಿಟ್ಟು ಆಲೋಚನೆ ಮಾಡಿ ಅಮ್ಮ. ಹದಿನಾಲ್ಕು ವರ್ಷ ಓಡಿದೆ ಇದು. ಇದರಲ್ಲಿ ಮಲಗಿದವರು ಒಬ್ಬರಾದರೂ ಹಾಸಿಗೆ ಸರಿ ಇಲ್ಲ ಅಂತ ಹೇಳಿದ್ದುಂಟಾ?"

ಇವರನ್ನು ಕರೆದುಕೊಂಡು ಹೊರಟುಬಿಡುವ ಅಂತ ತಿರುಗಿ ನೋಡಿದೆ, ಇವರು ಇಲ್ಲ. ಪುನಃ ಹಿಂದಿನ ಬಾಗಿಲಿನಲ್ಲಿ ಇಣುಕಿದರೆ, ಆ ಹಾಸಿಗೆಯ ಮೇಲೆ ಅಂಗಾತ, ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ಇವರು ಕಣ್ಣು ಬಿಡದೆ ಹೇಳಿದರು, "ಅಗಲ ಸರಿಯಾಗಿ ಉಂಟು ಮಾರಾಯ್ತಿ."

ಸೋರುತ್ತದಾ ನೋಡುವ

ಒಂದು ವಾರ ನಾನು ಗಾಡಿಯ ಹೆಸರು ಎತ್ತಲು ಬಿಡಲಿಲ್ಲ. ಆಮೇಲೆ ತೊಕ್ಕೊಟ್ಟಿನಲ್ಲಿ ಒಬ್ಬರು ರಿಟೈರ್ ಆದವರು ಕೊಡುತ್ತಾರೆ, ನಂಬಿಕೆಯ ಜನ ಅಂತ ಗೊತ್ತಾಯಿತು. ಹೋಗಿ ನೋಡಿದರೆ ನಿಜಕ್ಕೂ ಒಳ್ಳೆಯ ಗಾಡಿ. ಹಳೇ ಟೆಂಪೊಗೆ ಒಳಗೆ ಮನೆ ಮಾಡಿದ್ದರು. ಎರಡು ಕಡೆ ಅಗಲ ಕಡಿಮೆಯ ಸಪುರದ ಹಾಸಿಗೆ, ನಡುವೆ ಮಡಚುವ ಮೇಜು, ಒಲೆ, ಸಿಂಕು, ಕಿಟಕಿಗೆ ಹೂವಿನ ಪರದೆ. ಕಾಗದಪತ್ರ ಎಲ್ಲ ಸರಿ, ಬೆಲೆ ಸಹ ನಮ್ಮ ಕೈಗೆ ಎಟಕುವ ಹಾಗೆ.

ನನಗೆ ಅಲ್ಲೇ ಸಂಶಯ. ಇಷ್ಟು ಚಂದದ್ದು ಇಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ? "ಕೊಡುವುದು ಯಾಕೆ?" ಅಂತ ಗಾಡಿಯ ಯಜಮಾನರನ್ನು ಕೇಳಿದೆ.

"ಜಾಗ ಇಲ್ಲ" ಅಂದರು. ಅವರ ಅಂಗಳದಲ್ಲಿ ಮೂರು ಬಸ್ಸು ನಿಲ್ಲಿಸಬಹುದು.

ಅವರ ಹೆಂಡತಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಚಾ ಮಾಡಿದರು. "ಸಕ್ಕರೆ ಎಷ್ಟು?" ಅಂತ ಕೇಳಿದರು. "ಬೇಡ, ನನಗೆ ಶುಗರ್" ಅಂದೆ. ಕೊಡುವುದು ಯಾಕೆ ಅಂತ ಅವರನ್ನೂ ಕೇಳಿದೆ. ಅವರು ಗಂಡ ಇರುವ ಕಡೆ ಒಮ್ಮೆ ನೋಡಿ, "ಅದೊಂದು ದೊಡ್ಡ ಕಥೆ" ಅಂದು ಚಾ ಸೋಸಲಿಕ್ಕೆ ತಿರುಗಿದರು. ಎಂಜಿನ್ ಹಾಳಾಗಿರಬೇಕು ಅಂತ ನಾನು ಎಣಿಸಿದೆ.

ಅಷ್ಟರಲ್ಲಿ ಹೊರಗೆ ಇವರು ಯಜಮಾನರ ಹತ್ತಿರ, "ಪೈಪ್ ಉಂಟಾ? ಸ್ವಲ್ಪ ನೀರು ಹಾಕಿ ನೋಡುವ" ಅಂತ ಕೇಳಿದ್ದಾರೆ. ಪಾಪ ಅವರು, ಗಾಡಿ ತೊಳೆದು ನೋಡುವುದು ಅಂತ ಸಂತೋಷದಲ್ಲಿ ಪೈಪ್ ಸಿಕ್ಕಿಸಿ ಕೊಟ್ಟು, ಚಾ ಆಯಿತಾ ಅಂತ ಕೇಳಲಿಕ್ಕೆ ಒಳಗೆ ಬಂದರು.

ಇಲ್ಲಿ ಒಂದು ವಿಷಯ ನಿಮಗೆ ಗೊತ್ತಿರಬೇಕು. ಮರದ ಬೋಟಿನ ಹಲಗೆ ರಿಪೇರಿ ಆದ ಮೇಲೆ ಅದನ್ನು ಕಡಲಿಗೆ ಇಳಿಸುವ ಮುಂಚೆ, ದಡದಲ್ಲಿ ಇರುವಾಗಲೇ ಒಳಗೆ ನೀರು ತುಂಬಿಸುತ್ತಾರೆ. ಅಡಿಯಲ್ಲಿ ಎಲ್ಲಿ ಹನಿ ಬೀಳುತ್ತದೆ ನೋಡುತ್ತಾರೆ. ಒಳಗಿನ ನೀರು ಹೊರಗೆ ಬರದಿದ್ದರೆ ಹೊರಗಿನ ನೀರು ಒಳಗೆ ಬರುವುದಿಲ್ಲ ಅಂತ ಲೆಕ್ಕ. ಇವರು ಜೀವನದಲ್ಲಿ ತಗೊಳ್ಳುವ ಮುಂಚೆ ಪರೀಕ್ಷೆ ಮಾಡಿದ್ದು ಬೋಟನ್ನು ಮಾತ್ರ.

ನಾವು ಚಾ ಮುಗಿಸಿ ಹೊರಗೆ ಬರುವಾಗ ಗಾಡಿಯ ಬಾಗಿಲು ಹಾಕಿತ್ತು, ಬಾಗಿಲಿನ ಸಂದಿಗೆ ಗೋಣಿ ತುರುಕಿತ್ತು, ಪೈಪ್ ಕಿಟಕಿಯ ಒಳಗೆ ಹೋಗಿತ್ತು. ಗಾಡಿಯ ಅಡಿಯಲ್ಲಿ ಎರಡು ಕಾಲು ಕಾಣುತ್ತಿದ್ದವು, ನಮ್ಮವರದ್ದು.

"ಎಂತ ಮಾಡ್ತಾ ಇದ್ದೀರಿ ನೀವು?" ಅಂತ ಯಜಮಾನರು ಕೇಳಿದರು. ಸ್ವರ ಅವರದ್ದು ಅಂತ ಅನಿಸಲಿಲ್ಲ.

"ನಿಮ್ಮ ಗಾಡಿ ಫಸ್ಟ್ ಕ್ಲಾಸ್," ಅಂತ ಅಡಿಯಿಂದ ಉತ್ತರ ಬಂತು. "ಕಾಲಿನ ಗಿಣ್ಣಿನ ಮಟ್ಟಕ್ಕೆ ನೀರು ನಿಂತಿದೆ, ಒಂದು ಹನಿ ಸೋರಲಿಲ್ಲ."

ಯಜಮಾನರು ಓಡಿ ಹೋಗಿ ಬಾಗಿಲು ತೆಗೆದರು. ನೀರು ಅವರ ಪಂಚೆಯ ಮೇಲೇ ಬಂತು, ಅದರ ಹಿಂದೆ ಒಂದು ಕಾಲೊರೆಸುವ ಮ್ಯಾಟು, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಚಪ್ಪಲಿ. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಒಂದು ಗಂಟೆ ನಾನು ಮತ್ತು ಆ ಮನೆಯ ಹೆಂಗಸು ಸೀರೆ ಎತ್ತಿ ಕಟ್ಟಿ ಬಟ್ಟೆಯಲ್ಲಿ ನೀರು ಹಿಂಡಿ ಹಿಂಡಿ ಬಕೆಟಿಗೆ ತುಂಬಿಸಿದೆವು. ಮಾಡಿದವರು ಯಾರು, ಒರೆಸಿದವರು ಯಾರು ನೋಡಿ. ಆ ಹೆಂಗಸು ಒಂದು ಮಾತು ಬೈಯಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆ.

ನಮ್ಮವರು ಎಂತ ಮಾಡಿದರು ಅಂತ ಕೇಳುತ್ತೀರಾ? ಒದ್ದೆ ಪಂಚೆಯಲ್ಲಿ ನಿಂತಿದ್ದ ಯಜಮಾನರನ್ನು ಬದಿಗೆ ಕರೆದುಕೊಂಡು ಹೋಗಿ, ಸ್ವರ ತಗ್ಗಿಸಿ ಹೇಳಿದರು, "ಎಲ್ಲ ಸರಿ ಉಂಟು. ಆದರೆ ನೀರು ಹೊರಗೆ ಹಾಕುವ ಪಂಪೇ ಇಲ್ಲವಲ್ಲ ಮಾರಾಯ್ರೆ. ರೇಟು ಸ್ವಲ್ಪ ಇಳಿಸಬೇಕು."

ಗುರುತಿನ ಚೀಟಿ

ಹತ್ತು ದಿನ ಬಿಟ್ಟು ಯಜಮಾನರೇ ಫೋನ್ ಮಾಡಿದರು. "ಒಣಗಿದೆ. ಬನ್ನಿ, ಓಡಿಸಿ ನೋಡಿ. ನೀರು ಮಾತ್ರ ಮುಟ್ಟಬೇಡಿ." ಇಷ್ಟಾದ ಮೇಲೂ ಕರೆಯುತ್ತಾರೆ ಅಂದರೆ ಇದನ್ನು ದಾಟಿಸಲು ಎಷ್ಟು ಅವಸರ ಇರಬೇಕು ಅಂತ ನನಗೆ ಇನ್ನೂ ಸಂಶಯ ಬಂತು.

ಇವರು ಇಸ್ತ್ರಿ ಅಂಗಿ ಹಾಕಿಕೊಂಡು, ಹೊಸ ಬೋಟಿಗೆ ಹತ್ತುವಾಗ ಮಾಡುವ ಹಾಗೆ ಗಾಡಿಯ ಮೂತಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತರು. ಸ್ಟಿಯರಿಂಗ್ ಅತ್ತಿತ್ತ ತಿರುಗಿಸಿ, "ಹಗುರ ಉಂಟು" ಅಂದರು.

ಯಜಮಾನರು ಕಿಟಕಿಯ ಹತ್ತಿರ ಬಂದು, "ಲೈಸೆನ್ಸ್ ಒಮ್ಮೆ ತೋರಿಸಿ. ಈಗ ಎಲ್ಲ ಕಡೆ ಕ್ಯಾಮರಾ ಉಂಟು, ನಾಳೆ ನನಗೆ ರಗಳೆ ಬೇಡ" ಅಂದರು.

ಇವರು ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾರ್ಡು ತೆಗೆದು ಕೊಟ್ಟರು. ಯಜಮಾನರು ಕನ್ನಡಕ ಹಾಕಿ ಓದಿದರು. ಮೀನುಗಾರರ ಗುರುತಿನ ಚೀಟಿ.

ಸುಳ್ಳು ಯಾಕೆ, ಆ ಕ್ಷಣದವರೆಗೆ ನನಗೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಕಾರು ಬಿಟ್ಟವಳು ನಾನು, ಎಡಗಡೆ ಕೂತು ತೆಂಕು ಬಡಗು ಹೇಳಿದವರು ಇವರು. ಆದರೂ ತಂಡೇಲ ಅಂದ ಮೇಲೆ ದೊಡ್ಡ ಗಾಡಿಯ ಚುಕ್ಕಾಣಿ ಇವರದ್ದೇ ಅಂತ ನಾನೂ ನಂಬಿಬಿಟ್ಟಿದ್ದೆ. ಎರಡು ತಿಂಗಳಿಂದ ಈ ಗಾಡಿಗೋಸ್ಕರ ಊರೆಲ್ಲ ಸುತ್ತಿ, ಹೆಣದ ಹಾಸಿಗೆ ನೋಡಿ, ಮತ್ತೊಬ್ಬರ ಮನೆಯ ನೀರು ಹಿಂಡಿದ್ದೇನೆ, ನನ್ನ ಬುದ್ಧಿಗೆ ಎಂತ ಹೇಳಬೇಕು.

"ಲೈಸೆನ್ಸ್ ಇಲ್ಲವಾ ನಿಮಗೆ?" ಅಂದರು ಯಜಮಾನರು.

"ಕಡಲಿನಲ್ಲಿ ಯಾರು ಕೇಳ್ತಾರೆ? ಈ ಕಾರ್ಡಿನಲ್ಲಿ ನಾನು ಗೋವಾ ದಾಟಿ ಹೋಗಿದ್ದೇನೆ."

ಯಜಮಾನರು ಕಾರ್ಡನ್ನು ಜೋಪಾನವಾಗಿ ಪುನಃ ಕವರಿಗೆ ಹಾಕಿ ಇವರ ಕೈಯಲ್ಲಿ ಇಟ್ಟರು. "ಹೋಗಿರಬಹುದು. ಇದನ್ನು ಹಿಡಿದುಕೊಂಡು ಪಂಪ್‌ವೆಲ್ ಸರ್ಕಲ್ ದಾಟ್ಲಿಕ್ಕೆ ಆಗುವುದಿಲ್ಲ."

ಚಾ ಯಾರು ಮಾಡುವುದು

ಹಾಗೆ ನಾನು ಡ್ರೈವರ್ ಸೀಟಿಗೆ ಹತ್ತಿದೆ. ನನ್ನ ಕಾರಿನ ಲೈಸೆನ್ಸ್ ಇದಕ್ಕೆ ನಡೆಯುತ್ತದೆ ಅಂತ ಯಜಮಾನರು ಹೇಳಿದರು. ಇವರು ಮುಖ ಸಣ್ಣ ಮಾಡಿಕೊಂಡು ಎಡಗಡೆ ಕೂತರು. ಯಜಮಾನರು ಹಿಂದೆ ಒಂದು ಹಾಸಿಗೆಯ ಮೇಲೆ, ಅವರ ಹೆಂಡತಿ "ನಾನೂ ಬರ್ತೇನೆ" ಅಂತ ಇನ್ನೊಂದರ ಮೇಲೆ. ಉಳ್ಳಾಲದ ಬೀಚಿನವರೆಗೆ ಹೋಗಿ ಬರುವ ಅಂತ ಹೊರಟೆವು.

ಮೊದಲ ಐದು ನಿಮಿಷ ಎರಡನೇ ಗೇರಿನಲ್ಲೇ ಬಿಟ್ಟೆ. ಆಮೇಲೆ ಎಂಥ ಖುಷಿ ಅಂತೀರಿ. ಅಷ್ಟು ಎತ್ತರದಲ್ಲಿ ಕೂತು ನಾನು ಯಾವತ್ತೂ ರಸ್ತೆ ನೋಡಿಲ್ಲ. ಸಿಟಿ ಬಸ್ಸಿನವನೇ ನನಗೆ ದಾರಿ ಬಿಟ್ಟ. ಇವರು, "ಪಡುವಕ್ಕೆ ತಿರುಗಿಸು" ಅಂದರು. ಎದುರು ಕಡಲು ಕಾಣುತ್ತಾ ಇತ್ತು, ಆದ್ದರಿಂದ ಒಮ್ಮೆಯಾದರೂ ಸರಿಯಾಗಿ ಅರ್ಥ ಆಯಿತು. ಎಂಜಿನ್ನಿನಲ್ಲಿ ಒಂದು ದೋಷ ಇಲ್ಲ. ಗಾಳಿಮರದ ನೆರಳಿನಲ್ಲಿ ನಿಲ್ಲಿಸಿದೆ.

ಇವರು ಹಿಂದೆ ಹೋಗಿ ಮೇಜು ಬಿಡಿಸಿ, ಕೈ ಕಟ್ಟಿಕೊಂಡು ಆರಾಮಾಗಿ ಕೂತರು. "ಒಂದು ಚಾ ಆಗಬೇಕಿತ್ತು. ಒಲೆ ಸರಿ ಉಂಟಾ ಅಂತಲೂ ನೋಡಿದ ಹಾಗೆ ಆಗ್ತದೆ" ಅಂದರು. ಅಂದು ನನ್ನ ಕಡೆ ನೋಡಿದರು. ಗಾಡಿ ಬಿಟ್ಟು ತಂದವಳು ನಾನು, ತೋಳು ನೋಯುತ್ತಾ ಇರುವುದು ನನಗೆ, ಚಾ ಸಹ ನಾನೇ ಮಾಡಬೇಕು. ಅಭ್ಯಾಸ ಎಂಥ ಕೆಟ್ಟದ್ದು ನೋಡಿ, ನಾನು ಸೀಟಿನಿಂದ ಅರ್ಧ ಎದ್ದೂ ಆಗಿತ್ತು.

ಆಗ ಹೊಳೆಯಿತು. ಪುನಃ ಕೂತೆ. ಎರಡೂ ಕೈ ಸ್ಟಿಯರಿಂಗಿನ ಮೇಲೆ ಇಟ್ಟೆ. ಕ್ಲಾಸಿನಲ್ಲಿ ಕೇಳುವ ಸ್ವರದಲ್ಲಿ ಕೇಳಿದೆ, "ಚುಕ್ಕಾಣಿ ಹಿಡಿದ ಕೈ?"

ಇವರು ಆಲೋಚನೆ ಮಾಡದೆ ಉತ್ತರ ಕೊಟ್ಟರು, "ಸೌಟು ಹಿಡಿಯಬಾರದು."

"ಕಡೆಗೆ ಬಂದು ಸೇರಿದವ?"

ಇವರು ನನ್ನ ಕೈ ನೋಡಿದರು, ಸ್ಟಿಯರಿಂಗ್ ನೋಡಿದರು, ಒಲೆ ನೋಡಿದರು.

ಹಿಂದಿನಿಂದ ನಗು ಕೇಳಿತು. ಆ ಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಇದ್ದರು, ಕಣ್ಣಿನಲ್ಲಿ ನೀರು. "ಟೀಚರ್, ಇದು ಕೊಡುವುದು ಯಾಕೆ ಅಂತ ಕೇಳಿದ್ದಿರಲ್ಲ. ಇದರಲ್ಲಿ ನಾವು ಹದಿನೆಂಟು ದಿನ ಟೂರ್ ಹೋದೆವು. ಇವರು ಮೈಸೂರು ನೋಡಿದರು, ಊಟಿ ನೋಡಿದರು, ಮಧುರೆ ನೋಡಿದರು. ನಾನು ಈ ಸಿಂಕು ನೋಡಿದೆ. ಮನೆಗೆ ಬಂದು ಕೇಳಿದೆ, ಅಂಗಳದಲ್ಲಿ ಗಾಡಿ ಇರಬೇಕಾ, ನಾನು ಇರಬೇಕಾ ಅಂತ."

ಯಜಮಾನರು ಕಿಟಕಿಯಿಂದ ಹೊರಗೆ ಕಡಲು ನೋಡುತ್ತಾ, "ಅದೇ ನಾನು ಹೇಳಿದ್ದು," ಅಂದರು ಮೆಲ್ಲಗೆ, "ಜಾಗ ಇಲ್ಲ ಅಂತ."

ನಮ್ಮವರಲ್ಲಿ ನೂರು ದೋಷ ಇರಬಹುದು, ಆದರೆ ತಮ್ಮದೇ ಕಾನೂನು ಮುರಿಯುವ ಜನ ಅಲ್ಲ. ಎದ್ದರು. ಲೈಟರ್ ಹುಡುಕಲಿಕ್ಕೆ ಐದು ನಿಮಿಷ. ನೀರು ಎಷ್ಟು ಅಂತ ಗೊತ್ತಿಲ್ಲ, ಪಾತ್ರೆಯ ಬಾಯಿಯವರೆಗೆ ತುಂಬಿಸಿದರು. ಟೂರಿನಿಂದ ಉಳಿದ ಚಾಪುಡಿ, ಸಕ್ಕರೆ ಮೇಲಿನ ಕಪಾಟಿನಲ್ಲಿತ್ತು; ಚಾಪುಡಿ ಮುಷ್ಟಿಯಲ್ಲಿ ಹಾಕಿದರು. ಗಾಡಿಯೆಲ್ಲ ಹೊಗೆ, ಚಾ ಉಕ್ಕಿ ಒಲೆಯ ಮೇಲೆ ಹೋಯಿತು. ಆ ಹೆಂಗಸು ಏಳಲಿಕ್ಕೆ ನೋಡಿದರು, ನಾನು ಬಿಡಲಿಲ್ಲ. ಮೂವತ್ತೈದು ವರ್ಷದಲ್ಲಿ ನನಗೆ ಇವರ ಕೈಯ ಮೊದಲ ಚಾ. ಹೇಗಿದ್ದರೂ ಕುಡಿಯುವುದು ಅಂತ ಮನಸ್ಸು ಮಾಡಿದ್ದೆ.

ಇವರು ಗ್ಲಾಸುಗಳನ್ನು ಸಾಲಾಗಿ ಇಟ್ಟರು. ಮೊದಲ ಗ್ಲಾಸು ತಂಡೇಲರಿಗೆ, ಅದು ಸಹ ಬೋಟಿನ ಕಾನೂನು. ಚಮಚದಲ್ಲಿ ಸಕ್ಕರೆ ತುಂಬಿಸಿಕೊಂಡು ನನ್ನ ಕಡೆ ತಿರುಗಿ, ತುಂಬಾ ಮರ್ಯಾದೆಯಲ್ಲಿ ಕೇಳಿದರು, "ತಂಡೇಲರಿಗೆ ಸಕ್ಕರೆ ಎಷ್ಟು?"

ಆ ಹೆಂಗಸೇ, "ಅವರಿಗೆ ಶುಗರ್ ಅಲ್ಲವಾ?" ಅಂದರು. ಅವರು ನನ್ನನ್ನು ನೋಡುವುದು ಅದು ಎರಡನೇ ಸಲ.

"ಹನ್ನೆರಡು ವರ್ಷ ಆಯಿತು" ಅಂದೆ ನಾನು.

ಇವರು ಚಮಚ ಹಿಡಿದುಕೊಂಡು ಹಾಗೇ ನಿಂತರು. ನನ್ನ ಮುಖ ನೋಡಿದರು. ನಿಜವಾಗಿ ಗಾಬರಿ ಆಗಿತ್ತು ಇವರಿಗೆ. "ಹೌದಾ?" ಅಂದರು. "ನನಗೆ ಯಾರೂ ಹೇಳಲೇ ಇಲ್ಲ."

ಆ ಕೂಡಲೇ ನಾನು ತಿರುಗಿ ಯಜಮಾನರಿಗೆ ಹೇಳಿದೆ, ಗಾಡಿ ನಾನು ತಗೊಳ್ಳುತ್ತೇನೆ, ಆರ್‌ಸಿ ನನ್ನ ಹೆಸರಿಗೆ. ಅವರು ಒಮ್ಮೆ ಹೆಂಡತಿಯನ್ನು, ಒಮ್ಮೆ ನನ್ನನ್ನು ನೋಡಿ, ಬಾದಾಮಿಗೆ ಎಷ್ಟು ದಿನಕ್ಕೆ ಹೋಗುವುದು ಅಂತ ಕೇಳಿದರು. ಒಂದು ವಾರ ಅಂತ ನಾನು ಇವರ ಹತ್ತಿರ ಹೇಳಿದ್ದು ಹೌದು.

"ಒಂದು ತಿಂಗಳು," ಅಂದೆ. "ಹೊಸತಾಗಿ ಸೇರಿದವರಿಗೆ ಕಲಿಯಲಿಕ್ಕೆ ತುಂಬಾ ಉಂಟು."